ಚರಂಡಿಗೆ ಮೀನು ಬಿಡಬೇಕಂತೆ!

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರಸ್ತೆ, ಕಸ, ನೀರು, ಪಾಲಿಕೆ, ಪಂಚಾಯಿತಿ. ಸಿಟ್ಟಿನ ಪತ್ರಗಳೇ ಜಾಸ್ತಿ. ಒಂದರ ಜೊತೆ ಮಾತ್ರ ಬಣ್ಣದ ಪೆನ್ಸಿಲ್‌ನಲ್ಲಿ ಬರೆದ ಚಿತ್ರದ ಫೋಟೊ ಇತ್ತು. ಅದನ್ನು ನೋಡಿದ ಮೇಲೆ ಮದುವೆ, ಮಂಡಿನೋವು, ಮನೆ ಸಾಲದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ನಾನು ಬಹಳ ವರ್ಷದಿಂದ ಓಡಾಡುತ್ತಿದ್ದೇನೆ. ಮನೆ ಮುಂದೆ ದೊಡ್ಡ ಚರಂಡಿ. ಹೂಳು ತೆಗೆಸಿ, ಚಪ್ಪಡಿ ಹಾಕಿಸಿ ಅಂತ ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಇಂಜಿನಿಯರ್ ಬದಲಾದರು, ಕಮಿಷನರ್ ಬದಲಾದರು, ಚರಂಡಿ ಹಾಗೇ ಇದೆ. ಸಾಕಾಗಿದೆ. ಮೊನ್ನೆ ಮೂರನೇ ಕ್ಲಾಸಿನ ಮಗಳು ಒಂದು ಚಿತ್ರ ಬರೆದು ತಂದಳು. ನಮ್ಮ ಚರಂಡಿಯೇ. ಆದರೆ ನೀರು ನೀಲಿ, ಒಳಗೆ ಕಿತ್ತಳೆ ಬಣ್ಣದ ಮೀನು, ಪಕ್ಕದಲ್ಲಿ ಅಜ್ಜಿ ಕೂತ ಬೆಂಚು, ಆಚೆ ಕಡೆ ಗೆಳತಿಯ ಮನೆಗೆ ಹೋಗೋಕೆ ಪುಟ್ಟ ಸೇತುವೆ, ಒಂದು ದೀಪ. "ಅಮ್ಮ, ಇದನ್ನ ಆಫೀಸಿಗೆ ಕೊಡು, ಹೇಗೆ ಮಾಡಬೇಕು ಅಂತ ಅವರಿಗೆ ಗೊತ್ತಾಗ್ತಿಲ್ಲ ಅನ್ಸುತ್ತೆ" ಅಂದಳು. ನಗುವೂ ಬಂತು, ಅಳುವೂ ಬಂತು. ಇಂಥದ್ದನ್ನು ನೋಡಿ ಖುಷಿಪಡುವುದು ಭರವಸೆಯೋ, ನಮಗೆ ನಾವೇ ಮೋಸ ಮಾಡಿಕೊಳ್ಳುವುದೋ?
— ಹೆಸರು, ಊರು ಬೇಡ ಅಂದವರು

ಉತ್ತರ: ಅಕ್ಕಾ, ಆ ಚಿತ್ರ ಮುದ್ದಾಗಿದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆಯಿರಿ. ಕನ್ನಡಕ ಹಾಕಿಕೊಂಡು, ಇಂಜಿನಿಯರ್ ತಂದ ನಕ್ಷೆ ಅಂದುಕೊಂಡು ನೋಡಿ. ಏನೇನಿದೆ? ಒಂದು ಬೆಂಚು, ಒಂದು ಕಾಲುಸೇತುವೆ, ಒಂದು ಬೀದಿ ದೀಪ, ಕೊಳಚೆ ಸೇರದೆ ಹರಿಯುವ ನೀರು, ಮೀನು. ನಿಮ್ಮ ಸಂಘದ ಅರ್ಜಿಯಲ್ಲಿ ಏನಿತ್ತು? ಹೂಳು ತೆಗೀರಿ, ಚಪ್ಪಡಿ ಹಾಕಿ. ಅಂದರೆ ದೊಡ್ಡವರೆಲ್ಲ ಸೇರಿ ಕೇಳಿದ್ದು ಈ ದರಿದ್ರ ನಮ್ಮ ಕಣ್ಣಿಗೆ ಬೀಳದ ಹಾಗೆ ಮುಚ್ಚಿ ಅಂತ. ಮಗಳು ಕೇಳಿದ್ದು ಇದು ಹೇಗಿರಬೇಕೋ ಹಾಗೆ ಮಾಡಿ ಅಂತ. ಹೆಚ್ಚು ತಿಳಿವಳಿಕೆ ಯಾರ ಬೇಡಿಕೆಯಲ್ಲಿದೆ ಅಂತ ನೀವೇ ಹೇಳಿ.

ಮೀನಿನ ವಿಷಯಕ್ಕೇ ಬರೋಣ, ಎಲ್ಲರೂ ನಗುವುದು ಅಲ್ಲೇ ಅಲ್ವಾ. ಮಲೇರಿಯಾ, ಡೆಂಗಿ ಹತೋಟಿಗೆ ಅಂತ ನಮ್ಮ ಆರೋಗ್ಯ ಇಲಾಖೆಯೇ ಬಾವಿ, ಕೆರೆ, ಹೊಂಡಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತದೆ. ಸೊಳ್ಳೆಯ ಮರಿಹುಳು ತಿನ್ನುವ ಮೀನುಗಳು ಅವು. ಹಾಗಾಗಿ ಸರ್ಕಾರಿ ಕೆಲಸದಲ್ಲಿ ಮೀನು ಇರೋದು ಹೊಸದೇನಲ್ಲ. ಆದರೆ ಮಗಳು ಬರೆದಿರುವ ಕಿತ್ತಳೆ ಮೀನು ಬದುಕಬೇಕಾದರೆ ನೀರು ಚೆನ್ನಾಗಿರಬೇಕು, ನೀರು ಚೆನ್ನಾಗಿರಬೇಕಾದರೆ ಮಳೆನೀರಿನ ಚರಂಡಿಗೆ ಕಕ್ಕಸಿನ ನೀರು ಸೇರಬಾರದು, ಸೇರಬಾರದು ಅಂದರೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಲೈನ್ ಸರಿಯಾಗಿರಬೇಕು, ಯಾವ ಮನೆಯ, ಯಾವ ಹೋಟೆಲಿನ ಪೈಪು ಕದ್ದು ಚರಂಡಿಗೆ ಇಳಿದಿದೆ ಅಂತ ಯಾರಾದರೂ ನಡೆದು ನೋಡಬೇಕು. ಸಂಘದ ಪದಾಧಿಕಾರಿಗಳ ಮನೆ ಪೈಪೂ ಸೇರಿ! ಇಡೀ ಚಿತ್ರದಲ್ಲಿ ಅತ್ಯಂತ ಕಷ್ಟದ, ಅತ್ಯಂತ ಸರಿಯಾದ ಬೇಡಿಕೆ ಆ ಮೀನೇ. ಚಪ್ಪಡಿ ಹಾಕಿದ್ದರೆ ಆ ಪೈಪುಗಳೆಲ್ಲ ಆರಾಮಾಗಿ ಒಳಗೇ ಉಳಿದುಬಿಡುತ್ತಿದ್ದವು.

ಇಂಥದ್ದು ಎಲ್ಲಾದರೂ ಆಗಿದೆಯಾ ಅಂತ ಕೇಳುತ್ತೀರಿ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚಿಯೊಂಗ್‌ಗ್ಯೆಚಿಯೊನ್ ಅನ್ನುವ ಹಳ್ಳವಿದೆ. ಕೊಳಚೆಯಾಗಿತ್ತು, ಮುಚ್ಚಿದರು, ಅದರ ಮೇಲೆ ಮೇಲುಸೇತುವೆ ಹೆದ್ದಾರಿಯನ್ನೂ ಕಟ್ಟಿದರು. 2003ರಲ್ಲಿ ಆ ಹೆದ್ದಾರಿಯನ್ನೇ ಒಡೆಯಲು ಶುರುಮಾಡಿ, 2005ರ ಹೊತ್ತಿಗೆ ಸುಮಾರು 5.8 ಕಿಲೋಮೀಟರ್ ಹಳ್ಳವನ್ನು ಮತ್ತೆ ಬಿಸಿಲಿಗೆ ತಂದರು. ಈಗ ಅಲ್ಲಿ ಮೀನಿದೆ, ಕೂರಲು ಕಟ್ಟೆಯಿದೆ, ದಾಟಲು ಕಲ್ಲುಗಳಿವೆ. ಪೂರ್ತಿ ಹೊಗಳಲಾರೆ. ಹೆಚ್ಚಿನ ನೀರನ್ನು ಪಂಪ್ ಮಾಡಿಯೇ ಬಿಡಬೇಕು, ಖರ್ಚು ಬಹಳ, ಅಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದವರನ್ನು ಎಬ್ಬಿಸಿದ ನೋವೂ ಇದೆ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹರಿಯುವ ರಾಜಕಾಲುವೆಯನ್ನು ಕೆ-100 ಅನ್ನುವ ಹೆಸರಿನಲ್ಲಿ ಸರಿಮಾಡಲು ಹೊರಟಿದ್ದೂ ಇದೇ ಆಸೆಯಿಂದ. ಒಟ್ಟಿನಲ್ಲಿ ನಿಮ್ಮ ಮಗಳ ಚಿತ್ರ ಕಥೆಯಲ್ಲ, ತಡವಾಗಿರುವ ಕಾಮಗಾರಿ.

ಇನ್ನು ನಿಮ್ಮ ಪ್ರಶ್ನೆ. ಇದು ಮೋಸವೋ ಭರವಸೆಯೋ ಅನ್ನುವುದು ಆ ಚಿತ್ರವನ್ನು ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿ, ನಾಲ್ಕು ಹೃದಯದ ಗುರುತು ಎಣಿಸಿಕೊಂಡು ಸುಮ್ನೆ ಕೂತರೆ ಮೋಸ. ಹೊಸ ಅರ್ಜಿಯ ಮೊದಲ ಪುಟವಾಗಿ ಅದನ್ನೇ ಇಟ್ಟು, ಕೆಳಗೆ ಒಂದೊಂದೇ ಅಂಶ ಬಿಡಿಸಿ ಬರೆದು ಕೊಟ್ಟರೆ ಬೇರೆ. ಬೆಂಚು ಮತ್ತು ದೀಪವನ್ನು ಮೊದಲು ಕೇಳಿ. ಅವು ಸಣ್ಣ ಖರ್ಚು, ಬೇಗ ಆಗುತ್ತವೆ. ಒಂದು ದೀಪ ಹತ್ತಿದರೆ ಸಂಘದ ಮೀಟಿಂಗಿಗೆ ಬರುವವರ ಸಂಖ್ಯೆ ಹೇಗೆ ಹೆಚ್ಚುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಪೈಪುಗಳ ಪಟ್ಟಿಗೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಆದರೆ ಒಂದು ಮಾತು. ಚಿತ್ರ ಬರೆದಳು ಅಂತ ಊರು ಉದ್ಧಾರ ಮಾಡುವ ಭಾರವನ್ನು ಆ ಹುಡುಗಿಯ ತಲೆ ಮೇಲೆ ಇಡಬೇಡಿ. ಆಫೀಸಿಗೆ ಅವಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸುವುದೆಲ್ಲ ಬೇಡ. ಓಡಾಟ ನಮ್ಮದು. ನಿಮಗೆ ಸುಸ್ತಾಗಿದ್ದರೆ ಕೆಲವು ತಿಂಗಳು ಬೇರೆಯವರಿಗೆ ಬಿಟ್ಟುಕೊಡಿ, ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನಾನು ಹಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಬ್ಯಾನರ್, ಭಾಷಣ, ಬಿಸ್ಕತ್ತು, ಗ್ರೂಪ್ ಫೋಟೊ. ಮಕ್ಕಳು "ಆಟದ ಮೈದಾನ ಬೇಕು" ಅಂತ ನಾವೇ ಬರೆದುಕೊಟ್ಟ ಚೀಟಿ ಓದುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಚೀಟಿ. ಮಕ್ಕಳಿಗೇ ನಂಬಿಕೆ ಹೋಗುತ್ತಿದೆ. ಏನು ಮಾಡಲಿ?
— ಮಲೆನಾಡಿನಿಂದ ಒಬ್ಬ ಟೀಚರ್

ಉತ್ತರ: ಟೀಚರ್, ನೀವು ಹೇಳುವ ಬಿಸ್ಕತ್ತು ಸಭೆಗಳ ಬಗ್ಗೆ ಬೇರೆ ಕಡೆಯಿಂದಲೂ ಪತ್ರ ಬರುತ್ತಿರುತ್ತವೆ. ಆದರೆ ಈ ಸಭೆ ಹುಟ್ಟಿದ್ದು ಯಾವುದೋ ಆಫೀಸಿನ ಸುತ್ತೋಲೆಯಿಂದ ಅಲ್ಲ ಅನ್ನುವುದನ್ನು ನಿಮ್ಮ ಮಕ್ಕಳಿಗೆ ಮೊದಲು ಹೇಳಿ. 1990ರಲ್ಲಿ ನಮ್ಮ ರಾಜ್ಯದಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಅಂತ ಕಟ್ಟಿಕೊಂಡರು. ಹೋಟೆಲಿನಲ್ಲಿ ಲೋಟ ತೊಳೆಯುವವರು, ಮನೆಗೆಲಸದವರು, ದನ ಕಾಯುವವರು, ಅಂಥ ಮಕ್ಕಳು. ಅವರ ಬೆನ್ನಿಗೆ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಎಂಬ ಸಂಸ್ಥೆ ಇತ್ತು. ಆ ದಶಕದಲ್ಲೇ ಕುಂದಾಪುರ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಚುನಾವಣೆ ಮಾಡಿಕೊಂಡು, ಮಕ್ಕಳೇ ಸದಸ್ಯರಾಗಿ, ದೊಡ್ಡವರ ಪಂಚಾಯಿತಿಯ ಎದುರು ಕೂತು ಮಾತಾಡಿದರು. ಅದನ್ನೆಲ್ಲ ನೋಡಿಯೇ 2006-07ರ ಹೊತ್ತಿಗೆ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮ ಸಭೆ ನಡೆಸಬೇಕು ಅಂತ ಆದೇಶ ಮಾಡಿದ್ದು. ಶಾಲೆಗೇ ಹೋಗದ ಮಕ್ಕಳು ಕಂಡ ಕನಸು ಇವತ್ತು ಶಾಲೆ ಮಕ್ಕಳ ಕೈಗೆ ಚೀಟಿಯಾಗಿ ಬಂದಿದೆ.

ಚೀಟಿಯನ್ನು ಈ ಸಲ ಬರೆದುಕೊಡಬೇಡಿ, ಅಷ್ಟೇ. ಸಭೆಗೆ ಎರಡು ಮೂರು ವಾರ ಮುಂಚೆ ಒಂದು ಪೀರಿಯಡ್ ಬಿಟ್ಟುಕೊಟ್ಟು, "ಏನು ಸಮಸ್ಯೆ ಇದೆ" ಅಂತ ಕೇಳುವ ಬದಲು, "ನಾಳೆ ಬೆಳಿಗ್ಗೆ ಎದ್ದಾಗ ಊರು ಪೂರ್ತಿ ಸರಿಹೋಗಿದೆ, ಮನೆಯಿಂದ ಶಾಲೆಗೆ ಬರುವಾಗ ಏನೇನು ಕಾಣುತ್ತೆ" ಅಂತ ಕೇಳಿ. ಸಮಸ್ಯೆ ಕೇಳಿದರೆ ಮಕ್ಕಳು ನಮ್ಮ ಮಾತನ್ನೇ ನಮಗೆ ವಾಪಸ್ ಕೊಡುತ್ತಾರೆ: ಮೈದಾನ, ಕಾಂಪೌಂಡ್, ಕಂಪ್ಯೂಟರ್. ಬೆಳಿಗ್ಗೆಯ ಕಥೆ ಕೇಳಿದರೆ ಬೇರೆಯೇ ಬರುತ್ತದೆ. ಹಳ್ಳಕ್ಕೆ ಹಾಕಿರುವ ಅಡಿಕೆ ಮರದ ಕಾಲುಸಂಕಕ್ಕೆ ಹಿಡಿದುಕೊಳ್ಳಲು ಕಂಬಿ ಇರುತ್ತದೆ. ಬಸ್ಸು ಶಾಲೆ ಬೆಲ್ಲಿಗಿಂತ ಮುಂಚೆ ಬರುತ್ತದೆ. ಸಾರಾಯಿ ಕುಡಿದವರು ಕೂರುವ ಜಗಲಿಯ ಮುಂದೆ ಹಾದುಹೋಗದೇ ಬರುವ ಇನ್ನೊಂದು ದಾರಿ ಇರುತ್ತದೆ. ಶೌಚಾಲಯದ ಚಿಲಕ ಒಳಗಿನಿಂದ ಹಾಕೋಕೆ ಬರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬರೆಸಿ, ಈ ಎಲ್ಲವನ್ನೂ ಅದರಲ್ಲಿ ಗುರುತು ಮಾಡಿಸಿ. ಒಂದು ಸಂಜೆ ಆ ದಾರಿಯಲ್ಲಿ ಅವರ ಜೊತೆ ನಡೆದೂ ಬನ್ನಿ. ಸಾಧ್ಯವಾದರೆ ಕುಕ್ಕರಗಾಲಲ್ಲಿ ಕೂತು ನೋಡಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್, ಆ ಎತ್ತರದಿಂದ ಊರನ್ನು ನೋಡಿ ಯೋಜನೆ ಮಾಡಿ ಅನ್ನುವ ಅರ್ಬನ್95 ಎಂಬ ಕಾರ್ಯಕ್ರಮವೇ ಜಗತ್ತಿನ ಹಲವು ನಗರಗಳಲ್ಲಿದೆ. ನಮ್ಮ ದೇಶದ ಪುಣೆ, ಉದಯಪುರ, ಭುವನೇಶ್ವರವೂ ಅದರಲ್ಲಿ ಸೇರಿವೆ.

ಬಂದದ್ದನ್ನೆಲ್ಲ ಮಕ್ಕಳಿಂದಲೇ ಗುಂಪು ಮಾಡಿಸಿ. ಪಂಚಾಯಿತಿಯೇ ಮಾಡಬಹುದಾದದ್ದು ಒಂದು, ಬೇರೆ ಇಲಾಖೆಗೆ ಬರೆಯಬೇಕಾದದ್ದು ಇನ್ನೊಂದು, ನಾವೇ ಮಾಡಿಕೊಳ್ಳಬಹುದಾದದ್ದು ಮತ್ತೊಂದು. ಚಿಲಕಕ್ಕೆ ಗ್ರಾಮ ಸಭೆ ಬೇಕಾ? ಬಸ್ಸಿನ ಹೊತ್ತು ಬದಲಿಸೋದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೈಯಲ್ಲಿಲ್ಲ, ಡಿಪೋಗೆ ಪತ್ರ ಬರೆಯೋದು ಅವರ ಕೈಯಲ್ಲಿದೆ.

ಸಭೆಯ ದಿನ ಸ್ವಲ್ಪ ಹಟ ಮಾಡಬೇಕಾಗುತ್ತದೆ. ಅತಿಥಿಗಳ ಭಾಷಣಕ್ಕಿಂತ ಮುಂಚೆ ಹೋದ ವರ್ಷದ ಬೇಡಿಕೆಗಳಿಗೆ ಏನಾಯಿತು ಅನ್ನುವ ಅನುಪಾಲನಾ ವರದಿಯನ್ನು ಓದಿಸಿ. ವರದಿಯೇ ಇಲ್ಲ ಅಂದರೆ, ಇಲ್ಲ ಅಂತ ನಡಾವಳಿಯಲ್ಲಿ ಬರೆಸಿ. ಮಕ್ಕಳು ಹೇಳಿದ ಒಂದೊಂದು ಮಾತಿಗೂ ಯಾರು, ಯಾವಾಗ ಅನ್ನುವುದು ಪುಸ್ತಕದಲ್ಲಿ ಬರಲಿ. ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ಸಭೆ ನಡೆಯಲಿ, ಆಮೇಲೆ ನಡೆದರೆ "ಅನುದಾನ ಮುಗಿದಿದೆ" ಅನ್ನುವುದು ಸುಲಭ. "ಆಗಲ್ಲ, ಯಾಕೆ ಅಂದರೆ..." ಅಂತ ಕಾರಣ ಕೊಟ್ಟು ಹೇಳಿದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ. "ಖಂಡಿತಾ ಮಾಡೋಣ" ಅಂತ ಹೇಳಿ ಮರೆಯುವುದನ್ನು ಮಾತ್ರ ಅವರು ಮರೆಯುವುದಿಲ್ಲ. ಹಾಂ, ತೋಟದ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದವರ ಮಕ್ಕಳನ್ನೂ ಸಭೆಗೆ ಕರೆತನ್ನಿ. ಊರಿನ ನಕ್ಷೆಯಲ್ಲಿ ಅವರ ಶೆಡ್ಡು ಇರುವುದೇ ಇಲ್ಲ.

ಪ್ರಶ್ನೆ: ರಸ್ತೆ ಗುಂಡಿಯಲ್ಲಿ ಮೊಸಳೆ ಇಡೋದು, ಗಗನಯಾತ್ರಿ ವೇಷ ಹಾಕಿ ನಡೆಯೋದು, ಇದೆಲ್ಲ ಗಿಮಿಕ್ ಅಲ್ವಾ ಸರ್? ವಿಡಿಯೊ ವೈರಲ್ ಆಗುತ್ತೆ, ಗುಂಡಿ ಮತ್ತೆ ಬರುತ್ತೆ. ಸಿಸ್ಟಂ ಬದಲಾಗದೆ ಆಟ ಆಡಿದರೆ ಏನು ಬಂತು?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅರ್ಧ ಒಪ್ಪುತ್ತೇನೆ. ನೀವು ಹೇಳುತ್ತಿರುವುದು ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ. 2015ರಲ್ಲಿ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ದೊಡ್ಡ ಗುಂಡಿಗೆ ಅವರು ನಿಜದ ಗಾತ್ರದ ಮೊಸಳೆ ತಂದು ಬಿಟ್ಟರು. 2019ರಲ್ಲಿ ಚಂದ್ರಯಾನ-2 ಚಂದ್ರನ ಮೇಲೆ ಇಳಿಯಲು ಸಿದ್ಧವಾಗುತ್ತಿದ್ದ ದಿನಗಳಲ್ಲಿ ಹೇರೋಹಳ್ಳಿ ಕಡೆಯ ಒಂದು ರಸ್ತೆಯಲ್ಲಿ ನಟರೊಬ್ಬರು ಗಗನಯಾತ್ರಿ ಉಡುಪಿನಲ್ಲಿ ನಿಧಾನಕ್ಕೆ ನಡೆದರು. ಚಂದ್ರನ ನೆಲವೇ ಅಂದುಕೊಳ್ಳುವಾಗ ಹಿಂದಿನಿಂದ ಒಂದು ಆಟೊ ಹಾದುಹೋಗುತ್ತದೆ! ಎರಡೂ ಕಡೆ ಪಾಲಿಕೆ ಓಡಿಬಂದು ರಿಪೇರಿ ಮಾಡಿತು. ನಗರದ ಉಳಿದ ಗುಂಡಿಗಳು ಅವುಗಳ ಪಾಡಿಗೆ ಇದ್ದವು. ಆ ಮಟ್ಟಿಗೆ ನಿಮ್ಮ ಮಾತು ಸರಿ.

ಒಪ್ಪದ ಅರ್ಧ ಇಲ್ಲಿದೆ. ಗುಂಡಿ ನಮಗೆ ಎಷ್ಟು ರೂಢಿಯಾಗಿತ್ತು ಅಂದರೆ, ಸ್ಕೂಟರ್ ತನ್ನಷ್ಟಕ್ಕೆ ತಾನೇ ಬಳಸಿಕೊಂಡು ಹೋಗುತ್ತಿತ್ತು, ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಮಗು ಮಾತ್ರ ಅಂಥ ಗುಂಡಿ ನೋಡಿ "ಅಪ್ಪಾ, ಇದರಲ್ಲಿ ಮೊಸಳೆ ಇದೆಯಾ" ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ಒಬ್ಬ ದೊಡ್ಡವರು ಗಂಭೀರವಾಗಿ ತೆಗೆದುಕೊಂಡಾಗ ಇಡೀ ಊರು ನಿಂತು ನೋಡಿತು. ನಿಂತು ನೋಡದೆ ಯಾವ ಸಿಸ್ಟಮ್ಮೂ ಬದಲಾಗುವುದಿಲ್ಲ. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅದಕ್ಕೆ ಎಷ್ಟು ಜನ ನಿಂತು ನೋಡಿದೆವು, ಹೇಳಿ?

ಆಟವೇ ಸಿಸ್ಟಂ ಒಳಗೆ ಬಂದರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಊರಿದೆ. ಕೊಲಂಬಿಯಾದ ಬೊಗೊಟಾ. 1995ರಲ್ಲಿ ಅಲ್ಲಿ ಮೇಯರ್ ಆದವರು ಆಂಟನಾಸ್ ಮೊಕುಸ್, ಗಣಿತ ಮತ್ತು ತತ್ವಶಾಸ್ತ್ರದ ಪ್ರೊಫೆಸರ್. ಟ್ರಾಫಿಕ್ ನಿಯಮ ಯಾರೂ ಕೇಳುತ್ತಿರಲಿಲ್ಲ. ಇವರು ಬಣ್ಣ ಬಳಿದುಕೊಂಡ ಮೂಕಾಭಿನಯದ ಕಲಾವಿದರನ್ನು ಸಿಗ್ನಲ್‌ಗಳಿಗೆ ಕಳಿಸಿದರು. ಜೀಬ್ರಾ ಪಟ್ಟೆ ಮೇಲೆ ಕಾರು ನಿಲ್ಲಿಸಿದವನನ್ನು ಅವರು ಮಾತಿಲ್ಲದೆ ಅಣಕಿಸುತ್ತಿದ್ದರು, ದಂಡ ಹಾಕುತ್ತಿರಲಿಲ್ಲ. ಮೊದಲು 20 ಜನ ಇದ್ದರು, ಜನಕ್ಕೆ ಇಷ್ಟವಾಯಿತು, ಇನ್ನೂ 400 ಜನಕ್ಕೆ ತರಬೇತಿ ಕೊಟ್ಟರು. ಶಹಬ್ಬಾಸ್, ಛೀ ಅನ್ನುವ ಹೆಬ್ಬೆರಳಿನ ಚಿತ್ರವಿದ್ದ 3.5 ಲಕ್ಷ ಕಾರ್ಡುಗಳನ್ನು ಜನರ ಕೈಗೆ ಕೊಟ್ಟರು, ಒಬ್ಬರಿಗೊಬ್ಬರು ತೋರಿಸಿಕೊಳ್ಳಲಿ ಅಂತ. ಪಾದಚಾರಿಗಳು ಸತ್ತ ಜಾಗದಲ್ಲಿ ರಸ್ತೆ ಮೇಲೆ ನಕ್ಷತ್ರ ಬರೆಸಿದರು. ನೀರು ಉಳಿಸಿ ಅಂತ ಹೇಳೋಕೆ ಮೇಯರೇ ಟಿವಿ ಜಾಹೀರಾತಿನಲ್ಲಿ ಸ್ನಾನ ಮಾಡಿ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ ತೋರಿಸಿದರು. ಸೂಪರ್‌ಮ್ಯಾನ್ ಥರದ ಉಡುಪು ಹಾಕಿ ಬೀದಿಯಲ್ಲೂ ಓಡಾಡಿದರು.

ಅವರ ಎರಡು ಅವಧಿಗಳ ಹೊತ್ತಿಗೆ, ಅಂದರೆ 2003ರ ಸುಮಾರಿಗೆ, ಬೊಗೊಟಾದ ರಸ್ತೆ ಸಾವುಗಳು ವರ್ಷಕ್ಕೆ 1,300ರ ಆಸುಪಾಸಿನಿಂದ 600ರ ಆಸುಪಾಸಿಗೆ ಇಳಿದವು. ಮೂಕಾಭಿನಯ ಒಂದರಿಂದಲೇ ಅಲ್ಲ. ಬಾರ್‌ಗಳನ್ನು ರಾತ್ರಿ ಬೇಗ ಮುಚ್ಚಿಸಿದರು, ಪೊಲೀಸ್ ವ್ಯವಸ್ಥೆ ಬದಲಿಸಿದರು, ಲೆಕ್ಕಪತ್ರ ಬಿಗಿ ಮಾಡಿದರು. 2002ರಲ್ಲಿ "ಇಷ್ಟವಿದ್ದವರು ತೆರಿಗೆಯನ್ನು 10 ಪರ್ಸೆಂಟ್ ಜಾಸ್ತಿ ಕಟ್ಟಿ" ಅಂತ ಕೇಳಿದಾಗ ಸುಮಾರು 63,000 ಜನ ಕಟ್ಟಿದರು. ಆಟದ ಹಿಂದೆ ಗಟ್ಟಿಯಾದ ಆಡಳಿತ ಇತ್ತು, ಆಡಳಿತದ ಮುಂದೆ ಆಟ ಇತ್ತು. ನಮ್ಮಲ್ಲಿ ಹಗಲುವೇಷದವರು ಇನ್ನೂ ಇದ್ದಾರೆ. ಹೆಲ್ಮೆಟ್ ಇಲ್ಲದವನ ಎದುರು ಯಮನ ವೇಷ ನಿಲ್ಲಿಸುವುದನ್ನು ಪೊಲೀಸರು ಆಗಾಗ ಮಾಡಿಯೂ ಇದ್ದಾರೆ. ಒಂದು ದಿನ ಮಾಡಿ ಫೋಟೊ ತೆಗೆಸಿಕೊಂಡು ನಿಲ್ಲಿಸುತ್ತೇವೆ, ತೊಂದರೆ ಇರುವುದು ಅಲ್ಲಿ.

ಪ್ರಶ್ನೆ: ಮಕ್ಕಳಿಗೆ ಈ ರಾಜಕೀಯ ಎಲ್ಲ ಯಾಕೆ? ಓದಿಕೊಂಡಿರಲಿ. ದೊಡ್ಡವರಾದ ಮೇಲೆ ವೋಟು ಹಾಕುತ್ತಾರಲ್ಲ.
— ನಿವೃತ್ತ ಅಧಿಕಾರಿ, ತುಮಕೂರು

ಉತ್ತರ: ರಾಯರೇ, ನಲ್ಲಿ ಎಷ್ಟು ಎತ್ತರದಲ್ಲಿರಬೇಕು ಅನ್ನುವುದೂ ರಾಜಕೀಯವೇ. ಎಟುಕದೇ ಇರುವವನನ್ನು ಕೇಳಬೇಕೋ ಬೇಡವೋ? ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿದೆ. ಪಕ್ಷದ ಬಾವುಟ ಕೊಟ್ಟು ಮೆರವಣಿಗೆಯಲ್ಲಿ ನಿಲ್ಲಿಸುವುದು ಬೇಡ ಅನ್ನುತ್ತೀರಾದರೆ, ಅದಕ್ಕೆ ನನ್ನದೂ ಸಹಿ ಇದೆ.

ಪ್ರಶ್ನೆ: ನಾನು ಹಾಲೆಂಡಿನಲ್ಲಿದ್ದೇನೆ, ಊರು ಧಾರವಾಡ. ಇಲ್ಲಿ ಏಳೆಂಟು ವರ್ಷದ ಮಕ್ಕಳು ತಾವೇ ಸೈಕಲ್ ಹೊಡೆದುಕೊಂಡು ಶಾಲೆಗೆ ಹೋಗುತ್ತಾರೆ. ಊರಿಗೆ ಬಂದಾಗ ಮಗನನ್ನು ರಸ್ತೆ ದಾಟಿಸಲೂ ಭಯ. ಇದೆಲ್ಲ ಇಲ್ಲಿಯವರ ಸಂಸ್ಕೃತಿ, ನಮ್ಮಲ್ಲಿ ಬರೋದು ಸಾಧ್ಯವಿಲ್ಲ ಅನಿಸುತ್ತೆ. ನೀವೇನಂತೀರಿ?
— ಆಮ್‌ಸ್ಟರ್‌ಡ್ಯಾಮ್

ಉತ್ತರ: ನಿಮ್ಮ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿಯನ್ನು ಒಮ್ಮೆ ಕೇಳಿ ನೋಡಿ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 3,000ಕ್ಕೂ ಹೆಚ್ಚು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಈಗ ನಿಮ್ಮ ಮಗ ಆರಾಮಾಗಿ ಸೈಕಲ್ ಹೊಡೆಯುವ ಬೀದಿಗಳಲ್ಲಿ ಆಗ ಕಾರುಗಳು ಒತ್ತೊತ್ತಾಗಿ ನಿಂತಿರುತ್ತಿದ್ದವು. ನಿಮ್ಮ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಡೆ ಪೈಪ್ ಅನ್ನುವ ಕಿಕ್ಕಿರಿದ ಬಡಾವಣೆ ಇದೆಯಲ್ಲ, ಅಲ್ಲಿಯ ಶಾಲಾ ಮಕ್ಕಳು 1972ರಲ್ಲಿ ನಮಗೆ ಆಡಲು ಬೀದಿ ಬೇಕು ಅಂತ ಕೂತರು. ಬೀದಿ ಹೇಗಿರಬೇಕು ಅಂತ ತಾವೇ ಯೋಚಿಸಿ, ಅಡ್ಡ ಕಟ್ಟಿ, ಕಾರುಗಳನ್ನು ತಡೆದು ಆಡಿ ತೋರಿಸಿದರು. ಕಾರಿನವರು ಇಳಿದು ಬಂದು ಕೂಗಾಡಿದ್ದೂ ಉಂಟು! ಅದೇ ಹೊತ್ತಿಗೆ ರಸ್ತೆಯಲ್ಲಿ ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತರು ಬರೆದ ಲೇಖನದಿಂದ "ಮಕ್ಕಳ ಕೊಲೆ ನಿಲ್ಲಿಸಿ" ಅನ್ನುವ ಚಳವಳಿ ಹುಟ್ಟಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಕೆಲವು ಭಾನುವಾರ ಕಾರು ನಿಷೇಧವಾದಾಗ ಖಾಲಿ ರಸ್ತೆ ಹೇಗಿರುತ್ತೆ ಅಂತ ದೊಡ್ಡವರೂ ಕಣ್ಣಾರೆ ಕಂಡರು. 1976ರಲ್ಲಿ ಮನೆಗಳ ನಡುವಿನ ಬೀದಿಯಲ್ಲಿ ವಾಹನ ನಡಿಗೆಯ ವೇಗದಲ್ಲೇ ಹೋಗಬೇಕು, ಮಕ್ಕಳು ಅಲ್ಲಿ ಆಡಬಹುದು ಅನ್ನುವ ನಿಯಮ ಕಾನೂನೇ ಆಯಿತು.

ಇದಕ್ಕೂ ಮುಂಚೆ, 1947ರಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ನಿಮ್ಮ ಅದೇ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ಯುವ ವಾಸ್ತುಶಿಲ್ಪಿ ಒಂದು ಚೌಕದಲ್ಲಿ ಮರಳ ಹೊಂಡ ಮತ್ತು ಒಂದಿಷ್ಟು ಕಂಬಿಗಳನ್ನು ಹಾಕಿ ಆಟದ ಜಾಗ ಮಾಡಿದರು. ಅದನ್ನು ನೋಡಿ ಅಕ್ಕಪಕ್ಕದ ಬೀದಿಯವರು ನಮಗೂ ಮಾಡಿಕೊಡಿ ಅಂತ ಪಾಲಿಕೆಗೆ ಪತ್ರ ಬರೆಯತೊಡಗಿದರು. ಕೆಡವಿದ ಮನೆಯ ಖಾಲಿ ಸೈಟು, ರಸ್ತೆ ಮೂಲೆ, ಹೀಗೆ ಸಿಕ್ಕ ಸಿಕ್ಕ ಜಾಗದಲ್ಲಿ ಮೂರು ದಶಕದಲ್ಲಿ 700ಕ್ಕೂ ಹೆಚ್ಚು ಆಟದ ಜಾಗಗಳಾದವು. ನೀವು ಸಂಸ್ಕೃತಿ ಅಂತ ಕರೆಯುವುದು ಕೂಗಾಡಿ, ಬೀದಿಗೆ ಅಡ್ಡ ನಿಂತು, ಪತ್ರ ಬರೆದು ಪಡೆದದ್ದು. ಧಾರವಾಡದವರಿಗೆ ಈ ಮೂರರಲ್ಲಿ ಯಾವುದು ಬರಲ್ಲ ಅಂತೀರಿ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ "ನನ್ನ ಕನಸಿನ ನಗರ" ಚಿತ್ರಕಲಾ ಸ್ಪರ್ಧೆ ಇಟ್ಟಿದ್ದೇವೆ. ಒಳ್ಳೆಯ ಬಹುಮಾನ ಏನು ಕೊಡಬಹುದು?
— ಅಸೋಸಿಯೇಷನ್ ಕಾರ್ಯದರ್ಶಿ

ಉತ್ತರ: ಬಹುಮಾನ ಬೇಡ, ದುಡ್ಡು ಕೊಡಿ. ಅಮೆರಿಕದ ಬಾಸ್ಟನ್ ನಗರ 2014ರಲ್ಲಿ 12ರಿಂದ 25 ವರ್ಷದವರ ಕೈಗೆ ನಗರದ ಬಜೆಟ್ಟಿನಿಂದ 10 ಲಕ್ಷ ಡಾಲರ್ ಬಿಟ್ಟುಕೊಟ್ಟಿತು, ಯಾವ ಕೆಲಸ ಆಗಬೇಕು ಅಂತ ಅವರೇ ವೋಟು ಹಾಕಿದರು. ನಿಮ್ಮ ಮೆಂಟೆನೆನ್ಸ್ ಹಣದಲ್ಲಿ ಒಂದು ಸಣ್ಣ ಪಾಲನ್ನು ಮಕ್ಕಳಿಗೆ ಬಿಡಿ. ಮೊದಲ ಬಹುಮಾನ ಬಂದ ಚಿತ್ರವನ್ನು ಗೋಡೆಗೆ ಹಾಕುವ ಬದಲು ಅದರಲ್ಲಿರುವ ಒಂದು ವಸ್ತುವನ್ನು ಮೂರು ತಿಂಗಳಲ್ಲಿ ನಿಜವಾಗಿ ಮಾಡಿ. ಲಿಫ್ಟ್ ಬಟನ್ ಕೆಳಗೆ ಬರಬೇಕು ಅಂತ ಬಂದರೂ ಮಾಡಿ. "ಮನೆಗೆಲಸದ ಆಂಟಿಗೂ ಅದೇ ಲಿಫ್ಟ್" ಅಂತ ಬಂದರೆ ನಿಮ್ಮ ಜನರಲ್ ಬಾಡಿ ಮೀಟಿಂಗ್ ಜೋರಾಗಿರುತ್ತದೆ, ನನ್ನನ್ನೂ ಕರೆಯಿರಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡಿದ್ರೆ ಎಲ್ಲಾರೂ ಬೈತಾರೆ. ಪಾರ್ಕಲ್ಲಿ ಆಟ ಆಡಬಾರದು ಅಂತ ಬೋರ್ಡ್ ಇದೆ. ನಾನು ಮೇಯರ್ ಆದ್ರೆ ಪ್ರತಿ ಭಾನುವಾರ ಬೀದಿಗೆ ರಜೆ ಕೊಡ್ತೀನಿ. ಗಾಡಿ ಬರೋ ಹಾಗಿಲ್ಲ. ಇದು ಆಗುತ್ತಾ?
— 5ನೇ ತರಗತಿ

ಉತ್ತರ: ಆಗುತ್ತೆ ಪುಟ್ಟಾ. ಮೇಲೆ ಬೊಗೊಟಾ ಅಂತ ಒಂದು ಊರಿನ ಕಥೆ ಬರೆದಿದ್ದೀನಿ ನೋಡು, ಅಲ್ಲಿ 1974ರಿಂದ ಭಾನುವಾರ ಮತ್ತು ರಜೆ ದಿನ ರಸ್ತೆಗಳಿಗೆ ರಜೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ 120 ಕಿಲೋಮೀಟರ್‌ನಷ್ಟು ರಸ್ತೆಯಲ್ಲಿ ಕಾರು, ಬಸ್ಸು ಇಲ್ಲ. ಸೈಕಲ್, ಸ್ಕೇಟಿಂಗ್, ನಾಯಿಮರಿ, ಅಜ್ಜ ಅಜ್ಜಿ. ಬೆಂಗಳೂರಿನ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲೂ ಭಾನುವಾರ ಗಾಡಿ ಬಿಡಲ್ಲ.

"ಬೀದಿ ಹೇಗೆ ಮುಚ್ಚೋಕಾಗುತ್ತೆ" ಅಂತ ಯಾರಾದರೂ ಕೇಳಿದರೆ, ಗಣೇಶನ ಪೆಂಡಾಲ್ ಹಾಕಿದಾಗ, ಮದುವೆ ಶಾಮಿಯಾನ ಹಾಕಿದಾಗ ಹೇಗೆ ಮುಚ್ಚಿದ್ರಿ ಅಂಕಲ್ ಅಂತ ಕೇಳು. ಮೆಲ್ಲಗೆ ಕೇಳು, ಜಗಳ ಬೇಡ.

ಮೇಯರ್ ಆಗೋ ತನಕ ಕಾಯಬೇಡ. ಒಂದೇ ಬೀದಿ, ಒಂದೇ ಭಾನುವಾರ, ಬೆಳಿಗ್ಗೆ ಎರಡು ಗಂಟೆ ಸಾಕು. ನೀನು ಮತ್ತು ನಿನ್ನ ಗೆಳೆಯರು ಸೇರಿ ಬೀದಿಯ ಚಿತ್ರ ಬರೀರಿ. ಯಾವ ಮನೆ ಎಲ್ಲಿದೆ, ಯಾರ ಮನೆಯಲ್ಲಿ ಹುಷಾರಿಲ್ಲದ ತಾತ ಇದ್ದಾರೆ, ಆಂಬುಲೆನ್ಸ್ ಬಂದರೆ ಯಾವ ಕಡೆಯಿಂದ ಬಿಡ್ತೀರಿ, ಸ್ಟಂಪು ಎಲ್ಲಿ, ಹುಡುಗಿಯರಿಗೆ ಆಡೋಕೆ ಜಾಗ ಎಲ್ಲಿ, ಇದೆಲ್ಲ ಅದರಲ್ಲಿ ಇರಲಿ. ಅದನ್ನು ಹಿಡಿದುಕೊಂಡು ಪ್ರತಿ ಮನೆಗೂ ಹೋಗಿ ದೊಡ್ಡವರ ಸಹಿ ಹಾಕಿಸಿ. ಗಾಜು ಒಡೆದರೆ ಯಾರು ದುಡ್ಡು ಕೊಡ್ತಾರೆ ಅಂತ ಖಂಡಿತಾ ಕೇಳ್ತಾರೆ, ಅದಕ್ಕೆ ಮೊದಲೇ ರಬ್ಬರ್ ಚೆಂಡು ಅಂತ ಬರೆದುಬಿಡಿ. ಆಮೇಲೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಪಾಲಿಕೆ ಆಫೀಸಿಗೂ ಟ್ರಾಫಿಕ್ ಪೊಲೀಸ್ ಸ್ಟೇಷನ್ನಿಗೂ ಹೋಗು. ಪತ್ರ ಎರಡು ಪ್ರತಿ ಇರಲಿ. ಒಂದು ಅವರಿಗೆ ಕೊಡು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ಸೀಲು ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ. ಸೀಲು ಇಲ್ಲ, ನಾಳೆ ಬಾ ಅಂದರೆ, ನಾಳೆ ಹೋಗು.